ಸೆರ್ರಾ ಮನೆಯ ಹೊಗೆ

ಸೌರೀನಾ ಹುಟ್ಟಿದ್ದು ಫೊಂತ್ ಮನೆಯಲ್ಲಿ, ಸೇರಿದ್ದು ಸೆರ್ರಾ ಮನೆಗೆ. ಫೊಂತ್ ಕೆಳಗೆ, ಒರತೆಯ ಪಕ್ಕ. ಸೆರ್ರಾ ಮೇಲೆ, ಗುಡ್ಡದ ನೆತ್ತಿಯ ಅಂಚಾದ ಏಣಿನಲ್ಲಿ, ಗಾಳಿಗೆ ಬೆನ್ನು ಕೊಟ್ಟು ಕೂತ ಕಲ್ಲಿನ ಮನೆ. ನಡುವೆ ಚೆಸ್ಟ್‌ನಟ್ ಮರಗಳ ಸಾಲಿನಲ್ಲಿ ಏರುವ ಕಡಿದಾದ ಕಾಲುದಾರಿ. ಮದುವೆಯ ದಿನ ಆ ದಾರಿ ಹತ್ತುವಾಗ ಅವಳ ಕೈಯಲ್ಲಿ ಒಂದು ಮಣ್ಣಿನ ಕುಡಿಕೆಯಿತ್ತು, ಕುಡಿಕೆಯಲ್ಲಿ ತವರಿನ ಒಲೆಯ ಕೆಂಡ. ಆ ಕಣಿವೆಯಲ್ಲಿ ಹೆಣ್ಣು ಹಾಗೆಯೇ ಮನೆ ತುಂಬಬೇಕು. ಅತ್ತೆ ಆ ಕೆಂಡವನ್ನು ತನ್ನ ಒಲೆಗೆ ಸೇರಿಸಿ, ಬೂದಿ ಮುಚ್ಚಿ, "ಇನ್ಮೇಲೆ ಇದು ಆರಿದ್ರೆ ನಿನ್ ತಲೆ ಮೇಲೆ, ನೋಡು" ಎಂದಳು. ತಮಾಷೆಯ ದನಿಯಲ್ಲೇ ಅಂದದ್ದು. ಸೌರೀನಾ ಮಾತ್ರ ಅದನ್ನು ತಮಾಷೆ ಎಂದುಕೊಳ್ಳಲಿಲ್ಲ. ಅತ್ತೆ ಸತ್ತಳು, ಮಕ್ಕಳು ಹುಟ್ಟಿದರು, ಒಂದು ಚಳಿಗಾಲ ಮಾಡಿನ ಅರ್ಧವೇ ಹಾರಿಹೋಯಿತು. ಬೆಂಕಿ ಆರಲಿಲ್ಲ.

ಅಲ್ಲಿ ಹೊಸಬರನ್ನು ಕಂಡರೆ ಯಾರ ಮಗ ಎಂದು ಕೇಳುತ್ತಿರಲಿಲ್ಲ. "ಯಾವ ಹೊಗೆಯವನಪ್ಪಾ ನೀನು?" ಎನ್ನುತ್ತಿದ್ದರು. ಮನೆ ಎಂದರೆ ಹೊಗೆ. ಹೊಗೆ ಏಳುವ ಮನೆಗೆ ಒಡೆಯನ ಒಂದಿಷ್ಟು ಹೊಲ, ಆ ಹೊಲಕ್ಕೆ ಒಂದು ಸಂಸಾರ. ಹೊಲ ಬಿಟ್ಟು ಸಂಸಾರ ಕದಲುವಂತಿಲ್ಲ. ಮನೆಗೆ ಹೊಸ ಯಜಮಾನ ಆದವನು ಕೋಟೆಯ ಅಂಗಳದಲ್ಲಿ ಮಂಡಿಯೂರಿ, ಜೋಡಿಸಿದ ಕೈಗಳನ್ನು ಒಡೆಯನ ಅಂಗೈಗಳ ನಡುವೆ ಇಡಬೇಕು. ಇದಕ್ಕೆ 'ಕೈ ಕೊಡುವುದು' ಎಂದು ಹೆಸರು. ಕೈ ಕೊಟ್ಟಮೇಲೆ ಅವನೂ ಅವನ ಮಕ್ಕಳೂ ಅವರ ಮಕ್ಕಳೂ ಆ ಮಣ್ಣಿಗೆ ಸೇರಿದವರು. ತಪ್ಪಿಸಿಕೊಳ್ಳಲು ಒಂದೇ ದಾರಿಯಿತ್ತು, ಅದನ್ನು ಜನ ಪಿಸುದನಿಯಲ್ಲಿ ಹೇಳುತ್ತಿದ್ದರು: ರಾಜನ ಪಟ್ಟಣವಾದ ಜಿರೋನಾ ಸೇರಿ, ಯಾರ ಕೈಗೂ ಸಿಕ್ಕದೆ ಒಂದು ವರ್ಷ, ಅದರ ಮೇಲೆ ಒಂದು ದಿನ ಕಳೆಯಬೇಕು. ಆಮೇಲೆ ಯಾವ ಒಡೆಯನೂ ಇವನು ನನ್ನವನು ಎನ್ನುವಂತಿಲ್ಲ.

ಸೌರೀನಾ ಇದನ್ನೆಲ್ಲ ಮಳೆ ಬಿಸಿಲಿನ ಹಾಗೆ ಒಪ್ಪಿಕೊಂಡಿದ್ದಳು. ಗಂಡ ಫೆರ್ರೆರ್ ಮಾತು ಕಡಿಮೆಯ ಮನುಷ್ಯ, ಒಳ್ಳೆಯವನು. ಹೆಣ್ಣುಮಕ್ಕಳು ಜೆರಾಲ್ದಾ, ರೋಮಿಯಾ. ಅವರಿಗಿಂತ ದೊಡ್ಡವನು ದಾಲ್ಮೌ. ಕೆಳಗಿನ ಫೊಂತ್‌ನಲ್ಲಿ ಅವಳ ತಮ್ಮನ ಸಂಸಾರ. ಸಂಜೆ ಅಂಗಳಕ್ಕೆ ಬಂದು ತಗ್ಗಿನ ಕಡೆ ನೋಡಿದರೆ ತವರಿನ ಹೊಗೆ ಕಾಣುತ್ತಿತ್ತು. ಅಷ್ಟು ಕಂಡರೆ ಅವಳಿಗೆ ಸಾಕಾಗುತ್ತಿತ್ತು.

ಸಾವಿರದ ಮುನ್ನೂರ ನಲವತ್ತೆಂಟರ ಬೇಸಿಗೆಯಲ್ಲಿ, ಗೋಧಿಗೆ ಬಣ್ಣ ತಿರುಗುವ ಹೊತ್ತಿಗೆ, ಬಾರ್ಸಿಲೋನಾದ ರೇವಿನಿಂದ ರಸ್ತೆ ಹಿಡಿದು ಆ ರೋಗ ಬಂತು. ಕಣಿವೆಯವರು ಅದರ ಹೆಸರು ಹೇಳುತ್ತಿರಲಿಲ್ಲ. 'ಅದು' ಎನ್ನುತ್ತಿದ್ದರು. ಯಾರ ಮೇಲಿಟ್ಟು ಹೆಸರು ಹೇಳುತ್ತೇವೋ ಅವರನ್ನು ಅದು ಹುಡುಕಿಕೊಂಡು ಬರುತ್ತದೆ ಎಂಬ ಭಯ. ಹೆಸರು ಹೇಳದಿದ್ದರೂ ಬಂತು. ಮೊದಲು ಗಿರಣಿಯವನನ್ನು, ಅವನನ್ನು ಹೂಳಿದ ಪಾದ್ರಿಯನ್ನು, ಪಾದ್ರಿಯನ್ನು ಹೂಳಿದವರನ್ನು. ಫೊಂತ್ ಮನೆ ಒಂದು ವಾರದೊಳಗೆ ಖಾಲಿಯಾಯಿತು. ಮೇಲೆ ಸೆರ್ರಾದಲ್ಲಿ ಫೆರ್ರೆರ್ ಹೋದ, ಜೆರಾಲ್ದಾ ಹೋದಳು. ರೋಮಿಯಾಳ ಬೆರಳ ತುದಿಗಳು ಕಪ್ಪಾದಾಗ ಸೌರೀನಾ ಅವನ್ನು ತನ್ನ ಎರಡು ಕೈಗಳ ನಡುವೆ ಮುಚ್ಚಿ ಹಿಡಿದು ಕೂತಿದ್ದಳು, ಕಾಣದಿದ್ದರೆ ಇಲ್ಲವಾಗುತ್ತದೆ ಎಂಬಂತೆ.

ದಾಲ್ಮೌ ಉಳಿದ. ಯಾಕೆ ಉಳಿದ ಎಂದು ಅವಳು ದೇವರನ್ನು ಕೇಳಲಿಲ್ಲ. ಕೇಳಿದರೆ ದೇವರಿಗೆ ನೆನಪಾದೀತು.

ಆ ವರ್ಷ ಗೋಧಿ ನಿಂತಲ್ಲೇ ಉದುರಿತು. ಕೊಯ್ಯಲು ಕೈಗಳಿರಲಿಲ್ಲ. ಯಜಮಾನರಿಲ್ಲದ ಎತ್ತುಗಳು ದ್ರಾಕ್ಷಿತೋಟಗಳಿಗೆ ನುಗ್ಗಿ ಮೇಯುತ್ತಿದ್ದವು, ಅಟ್ಟುವವರಿಲ್ಲ. ಕೋಟೆಯಲ್ಲಿ ಮುದಿ ಒಡೆಯನೂ ಸತ್ತಿದ್ದ. ಅವನ ಮಗ ರೋಗಕ್ಕೆ ಹೆದರಿ ಬೆಟ್ಟದ ಮೇಲಿನ ಯಾವುದೋ ಮಠ ಸೇರಿಕೊಂಡು, ಅಲ್ಲಿಂದಲೇ ಅಪ್ಪಣೆ ಕಳಿಸುತ್ತಿದ್ದ. ಅಪ್ಪಣೆಗಳನ್ನು ಹೊತ್ತು ತಿರುಗುತ್ತಿದ್ದವನು ಪಾರುಪತ್ಯಗಾರ ಬೊನನಾತ್. ಹಿಂದೆ ಅವನು ಕುದುರೆಯಿಂದ ಇಳಿಯುತ್ತಿರಲಿಲ್ಲ. ಈಗ ಒಡೆಯನ ಹೊಲದಲ್ಲಿ ತಾನೇ ನೇಗಿಲು ಹಿಡಿದದ್ದನ್ನು ಜನ ಕಂಡಿದ್ದರು. ಅವನ ಹೆಂಡತಿ ಮಕ್ಕಳೂ ಹೋಗಿದ್ದರು.

ಸೆಪ್ಟೆಂಬರ್ ಕೊನೆಗೆ, ಸಂತ ಮಿಕೇಲನ ಹಬ್ಬದ ಹೊತ್ತಿಗೆ ಬೊನನಾತ್ ಸೆರ್ರಾ ಮನೆಯ ಅಂಗಳಕ್ಕೆ ಬಂದ. ಬಂದವನು ಕೆಳಗೆ ನೋಡುತ್ತ ನಿಂತ.

"ಸೌರೀನಾ, ನಿನ್ ತವರಲ್ಲಿ ಹೊಗೆ ಇಲ್ಲ."

"ಸತ್ತೋರು ಒಲೆ ಹಚ್ಚಲ್ಲ, ಸ್ವಾಮಿ."

"ನಾಲಿಗೆ ಇನ್ನೂ ಬದುಕಿದೆ ನಿಂದು. ಇರ್ಲಿ. ಕಣಿವೇಲಿ ಅರ್ಧಕ್ಕರ್ಧ ಮನೆ ತಣ್ಣಗೆ ಕೂತಿವೆ. ಹೊಸ ಒಡೆಯ ನನ್ನ ಕೇಳ್ತಾನೆ, ಸತ್ತೋರನ್ನ ಕೇಳಲ್ಲ. ಸತ್ತೋರ ಕೆಲಸ ಬದುಕಿದೋರು ಹೊರಬೇಕು, ಬೇರೆ ದಾರಿ ಇಲ್ಲ. ದಾಲ್ಮೌ ಫೊಂತ್ ಮನೆಗೆ ಇಳೀಲಿ. ಒಲೆ ಹಚ್ಲಿ. ಒಡೆಯ ಬಂದ ದಿನ ಕೈ ಕೊಡ್ಲಿ."

"ಅವನಿಗಿನ್ನೂ ಸರಿಯಾಗಿ ಮೀಸೆ ಬಂದಿಲ್ಲ."

"ಮೀಸೇಲಿ ಯಾರೂ ಉಳಲ್ಲ ಕಣಮ್ಮ. ಕೈ ಇದ್ಯಲ್ಲ, ಸಾಕು."

ಅವನು ಹೋದಮೇಲೆ ಸೌರೀನಾ ಬಹಳ ಹೊತ್ತು ಮಗನ ಕೈ ನೋಡುತ್ತಿದ್ದಳು. ಅವನು ಕೊಟ್ಟಿಗೆಯ ಬಾಗಿಲಲ್ಲಿ ಹಗ್ಗ ಹೊಸೆಯುತ್ತಿದ್ದ. ಅಪ್ಪನ ಹಾಗೆಯೇ ಅಗಲ ಅಂಗೈ. ಆ ಕೈ ಎರಡು ಮನೆಯ ಹೊಲ ಉತ್ತು, ಮುಂದೆ ಮತ್ತೊಂದು ಮನೆ ತಣ್ಣಗಾದರೆ ಅದನ್ನೂ ಹೊತ್ತು, ಸವೆದು ಹೋಗುವುದು ಅವಳಿಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು. ಕೊಟ್ಟದ್ದೆಲ್ಲ ಮಣ್ಣಿಗೇ ಕೊಟ್ಟಾಗಿದೆ, ಇದೊಂದನ್ನು ಕೊಡಲಾರೆ ಎಂದು ಅವಳಿಗೆ ಅನ್ನಿಸಿದ್ದು ಆಗ.

ನವೆಂಬರ್ ಮೊದಲ ದಿನ, ಸಕಲ ಸಂತರ ಹಬ್ಬದ ಬೆಳಗ್ಗೆ ಹೇಸರಗತ್ತೆಗಳ ಜೋಫ್ರೆ ಎದುರು ಗುಡ್ಡದ ದಾರಿಯಲ್ಲಿ ಜಿರೋನಾಗೆ ಹೊರಟಿದ್ದ. ಉಣ್ಣೆ ಹೇರಿಕೊಂಡು ಹೋಗುವ ಮುದುಕ, ಬಾಯಿ ಸ್ವಲ್ಪ ಜೋರು, ಹೊಟ್ಟೆಯಲ್ಲಿ ಕಪಟವಿಲ್ಲ. ಸೌರೀನಾ ಮಗನನ್ನು ಅವನ ಬಳಿ ಕರೆದೊಯ್ದಳು.

"ನೀನೂ ಬಾ," ಎಂದ ದಾಲ್ಮೌ. ದಾರಿಯುದ್ದಕ್ಕೂ ಅದನ್ನೇ ಹೇಳುತ್ತಿದ್ದ.

"ಇಬ್ರೂ ಹೋದ್ರೆ ಎರಡು ಮನೇಲೂ ಹೊಗೆ ನಿಲ್ಲತ್ತೆ. ಸಂಜೆಯೊಳಗೆ ಬೊನನಾತ್ ಕುದುರೆ ನಿನ್ನ ಹಿಂದೆ ಇರತ್ತೆ. ಹೊಗೆ ಕಂಡ್ರೆ ಅವನು ಬಾಗಿಲು ತಟ್ಟಲ್ಲ. ನಾನು ಎರಡೂ ಒಲೆ ಹಚ್ತೀನಿ."

"ವರ್ಷ ಪೂರ್ತಿ?"

"ವರ್ಷ ಪೂರ್ತಿ. ಮೇಲೊಂದು ದಿನ. ಮುಂದಿನ ವರ್ಷ ಈ ಹಬ್ಬದ ಮಾರನೇ ದಿನ, ಸತ್ತವರ ದಿನ, ಸೂರ್ಯ ಮುಳುಗಿದ ಮೇಲೆ ನೀನು ಯಾರಿಗೂ ಸೇರಿದವನಲ್ಲ. ಅಲ್ಲೀವರೆಗೂ ಬರಬೇಡ. ಹೇಳಿ ಕಳಿಸಬೇಡ. ನಾನಿದೀನಾ ಸತ್ನಾ ಅಂತ ಯಾರನ್ನೂ ಕೇಳಬೇಡ. ಕೇಳಿದ ಬಾಯಿ ಇನ್ನೊಂದು ಕಿವಿಗೆ ಹೇಳತ್ತೆ."

ಜೋಫ್ರೆ ಹೇಸರಗತ್ತೆಯ ಪಟ್ಟಿ ಬಿಗಿಯುತ್ತ ನಕ್ಕ. "ಅಲ್ಲಾ ಅಕ್ಕಾ, ಒಡೆಯನಿಗೆ ಕೈ ಕೊಡೋ ಅಂದ್ರೆ ನಿನ್ ಮಗ ಒಡೆಯನಿಗೇ ಕೈ ಕೊಡ್ತಾ ಇದಾನಲ್ಲ!"

ಸೌರೀನಾಳಿಗೂ ನಗು ಬಂತು. ಬೇಸಿಗೆಯಿಂದೀಚೆಗೆ ಅದೇ ಮೊದಲು. ಆ ನಗು ಮುಗಿಯುವುದರೊಳಗೆ ಹೇಸರಗತ್ತೆಗಳು ತಿರುವು ದಾಟಿದ್ದವು.

ಅಂದು ಅವಳು ಮದುವೆಯ ಕುಡಿಕೆಯನ್ನು ಅಟ್ಟದಿಂದ ಇಳಿಸಿ, ಸೆರ್ರಾದ ಕೆಂಡವನ್ನು ಅದರಲ್ಲಿ ತುಂಬಿ ಕೆಳಗೆ ಒಯ್ದು, ತಮ್ಮನ ತಣ್ಣಗಿನ ಒಲೆಯಲ್ಲಿ ಸುರಿದಳು. ಅಮ್ಮ ಊದುತ್ತಿದ್ದ ಕೊಳವೆ ಇನ್ನೂ ಅದೇ ಮೂಲೆಯಲ್ಲಿತ್ತು. ಊದಿದಳು. ಫೊಂತ್ ಮನೆಯಿಂದ ಹೊಗೆ ಎದ್ದಿತು.

ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಎನ್ನುತ್ತಾರೆ. ಫೊಂತ್‌ನಲ್ಲಿ ಬೆಂಕಿಯೂ ಇತ್ತು, ಹೊಗೆಯೂ ಇತ್ತು. ಮನುಷ್ಯನಿರಲಿಲ್ಲ.

ಬೆಳಗ್ಗೆ ಸೆರ್ರಾದ ಒಲೆಗೆ ಕಟ್ಟಿಗೆ ಒಡ್ಡಿ ಇಳಿಯುವಳು, ಫೊಂತ್‌ನ ಒಲೆಗೆ ಒಡ್ಡಿ ಹತ್ತುವಳು. ಸಂಜೆ ಮತ್ತೆ ಅದೇ. ಗಂಡಸಿನ ಅಂಗಿಯೊಂದನ್ನು ಒಗೆದು ಫೊಂತ್‌ನ ಬೇಲಿಗೆ ಹರವುವಳು. ಒಣಗಿದ ಅಂಗಿಯನ್ನು ಮತ್ತೆ ನೆನೆಸಿ ಹರವುವಳು. ಉಳುಮೆಯದೇ ಕಷ್ಟವಾಯಿತು. ಅಲೆದು ಬರುವ ಕೂಲಿಯವರು ಆಗ ದೊರೆಗಳಾಗಿದ್ದರು. ಹಿಂದೆ ನವಣೆಯ ಗಂಜಿಗೆ ದಿನವಿಡೀ ದುಡಿಯುತ್ತಿದ್ದವರು ಈಗ ಬಿಳಿ ರೊಟ್ಟಿ, ವೈನು, ಹಂದಿಮಾಂಸ ಎನ್ನುತ್ತಿದ್ದರು. ಕೊಡದಿದ್ದರೆ ನೇಗಿಲನ್ನು ಸಾಲಿನ ನಡುವೆಯೇ ಬಿಟ್ಟು ಮುಂದಿನ ಕಣಿವೆಗೆ. ಕೊಡುವವರು ಸಿಕ್ಕೇ ಸಿಗುತ್ತಿದ್ದರು. ಒಬ್ಬ ಕೆಂಚು ಗಡ್ಡದವನು ಸೌರೀನಾಳ ಮನೆಯಲ್ಲಿ ವೈನು ಇಲ್ಲದ್ದು ಕಂಡು, ಒಳಗೆ ಕಣ್ಣಾಡಿಸಿ, "ಆ ಪೆಟ್ಟಿಗೇಲೇನಿದೆ?" ಎಂದ. ಜೆರಾಲ್ದಾಳ ಮದುವೆಗೆಂದು ನೇಯ್ದಿಟ್ಟ ನಾರುಬಟ್ಟೆಗಳಿದ್ದವು. ಅವನ್ನು ಕೊಟ್ಟು ಫೊಂತ್‌ನ ಹೊಲದ ಉಳುಮೆ ಮಾಡಿಸಿದಳು. ಅವನು ಉತ್ತದ್ದು ಮುಂಜಾವಿನ ಮಂಜಿನಲ್ಲಿ. ಕೋಟೆಯಿಂದ ನೋಡುವವರಿಗೆ ನೇಗಿಲ ಹಿಂದೆ ಒಬ್ಬ ಗಂಡಸು ಕಾಣುತ್ತಿದ್ದ, ಅಷ್ಟೇ.

ಬೊನನಾತ್ ಆಗಾಗ ಬರುತ್ತಿದ್ದ. "ಎಲ್ಲಿ ಯಜಮಾನರು?"

"ಕುರಿ ಹೊಡ್ಕೊಂಡು ಮೇಲಿನ ಹುಲ್ಲುಗಾವಲಿಗೆ ಹೋಗಿದಾನೆ, ಸ್ವಾಮಿ."

"ನಾನು ಬಂದಾಗ್ಲೆಲ್ಲ ನಿಮ್ಮ ಕುರಿಗೆ ಹಸಿವೆ."

ಹೇಳಿ, ಏಳುತ್ತಿದ್ದ ಹೊಗೆಯ ಕಡೆ ನೋಡಿ, ಹೊರಟುಹೋಗುತ್ತಿದ್ದ. ಅವನಿಗೂ ಹೊಗೆ ಇದ್ದರೆ ಸಾಕಾಗಿತ್ತೋ ಏನೋ. ಹುಡುಕಿ ಇಲ್ಲವೆಂದು ತಿಳಿದರೆ ತನ್ನ ಒಡೆಯನಿಗೆ ಇನ್ನೊಂದು ಮನೆ ಹೋಯಿತೆಂದು ಹೇಳಬೇಕಾಗುತ್ತದೆ.

ಜೋಫ್ರೆಯ ಹೇಸರಗತ್ತೆಗಳು ಎದುರು ಗುಡ್ಡದಲ್ಲಿ ಬಂದು ಹೋಗುತ್ತಿದ್ದವು. ರೋಗ ಬಂದಂದಿನಿಂದ, ಉಳುವ ಕೂಲಿಯವರನ್ನು ಬಿಟ್ಟು, ಹೊರಗಿನವರು ಕಣಿವೆಗೆ ಇಳಿಯುವಂತಿರಲಿಲ್ಲ. ಅವನು ತಿರುವಿನಲ್ಲಿ ನಿಂತು, ಹುಬ್ಬಿಗೆ ಕೈ ಅಡ್ಡ ಹಿಡಿದು, ಏಣಿನ ಕಡೆ ನೋಡಿ ಮುಂದೆ ಸಾಗುತ್ತಿದ್ದ. ಹೇಸರಗತ್ತೆಗಳಿಗೆ ದಣಿವಾರಿಸುತ್ತಿದ್ದಾನೆ ಎಂದು ಸೌರೀನಾ ಅಂದುಕೊಂಡಳು. ಆ ಮುದುಕ ಜಿರೋನಾದಿಂದ ಬಂದವನು, ಮಗನನ್ನು ಕಂಡು ಬಂದ ಕಣ್ಣು ಅವು, ಎಂದು ಅವನನ್ನೇ ನೋಡುತ್ತ ನಿಲ್ಲುತ್ತಿದ್ದಳು.

ಮರುವರ್ಷ ಬೇಸಿಗೆಯ ಕೊನೆಯಲ್ಲಿ ಕಟ್ಟಿಗೆ ಹೊರೆಯೊಂದಿಗೆ ಕಾಲುದಾರಿಯಲ್ಲಿ ಜಾರಿ ಬಿದ್ದಳು. ಮಂಡಿ ತಿರುಚಿತು. ಮದ್ದು ಗೊತ್ತಿದ್ದವರೆಲ್ಲ ಮಣ್ಣಿನಡಿ ಇದ್ದರು. ತಾನೇ ಬಟ್ಟೆ ಬಿಗಿದು ಕಟ್ಟಿಕೊಂಡಳು. ಮಾರನೆಯ ದಿನ ಹೇಗೋ ತೆವಳಿ ಎರಡೂ ಒಲೆ ಹಚ್ಚಿದಳು. ಅದರ ಮಾರನೆಯ ದಿನ ದಾರಿಯ ನಡುವೆ ಕೂತುಬಿಟ್ಟಳು. ಮೇಲೊಂದು ಮನೆ, ಕೆಳಗೊಂದು ಮನೆ, ಕಾಲು ಒಂದೇ. ಯಾವುದಾದರೂ ಒಂದನ್ನು ಬಿಡಲೇಬೇಕಿತ್ತು. ಸೆರ್ರಾದ ಹೊಗೆ ತನ್ನದು, ತಾನು ಬದುಕಿರುವುದು ಬೊನನಾತ್‌ಗೆ ಗೊತ್ತೇ ಇದೆ. ಫೊಂತ್‌ನ ಹೊಗೆ ಮಗನದು. ಅದು ನಿಲ್ಲುವಂತಿಲ್ಲ.

ಕುಡಿಕೆ ತಂದು, ಸೆರ್ರಾದ ಒಲೆಯ ಕೆಂಡವನ್ನೆಲ್ಲ ಕೆದಕಿ ತುಂಬಿದಳು. ಒಲೆಯ ಕಲ್ಲು ಬಿಸಿಯಾಗಿಯೇ ಇತ್ತು. ಅದರ ಮೇಲೆ ಅಂಗೈಯಿಟ್ಟು, "ಆರಿಲ್ಲ ಅತ್ತೆ, ಜಾಗ ಬದಲಾಯಿಸ್ತು ಅಷ್ಟೇ" ಎಂದು ಗಟ್ಟಿಯಾಗಿಯೇ ಹೇಳಿದಳು. ಮದುವೆಯ ದಿನ ಹತ್ತಿದ ದಾರಿಯನ್ನು ಕುಂಟುತ್ತ ಇಳಿದಳು. ಅಂದಿನಿಂದ ಏಣಿನ ಮೇಲೆ ಹೊಗೆ ಏಳಲಿಲ್ಲ.

ಬೊನನಾತ್ ಬಂದು ಕೇಳಿದ. ಅವಳು ಮಾತು ಸಿದ್ಧ ಮಾಡಿಟ್ಟುಕೊಂಡಿದ್ದಳು.

"ಮಗನ ಜೊತೆ ಒಂದೇ ಮಡಕೇಲಿ ಉಣ್ತೀನಿ, ಸ್ವಾಮಿ. ಈ ಕಾಲಲ್ಲಿ ಮೇಲೆ ಹತ್ತೋಕಾಗಲ್ಲ."

"ಒಳ್ಳೇದಾಯ್ತು. ಕೇಳು, ಒಡೆಯ ಹಬ್ಬಕ್ಕೆ ಕೋಟೆಗೆ ಬರ್ತಾ ಇದಾನೆ. ಸತ್ತವರ ದಿನ ಎಲ್ಲ ಮನೆಯ ಯಜಮಾನರೂ ಕೈ ಕೊಡ್ಬೇಕು. ದಾಲ್ಮೌನ ಕಳ್ಸು. ಬೇಕಿದ್ರೆ ಕುರೀನೂ ಕರ್ಕೊಂಡ್ ಬರ್ಲಿ."

ಸತ್ತವರ ದಿನ. ಅಂದು ಸೂರ್ಯ ಮುಳುಗಿದರೆ ಮುಗಿಯಿತು. ಅವಳ ಎದೆ ಹಗುರಾಯಿತು. ಆ ದಿನ ತಾನೇ ಕೋಟೆಗೆ ಹೋಗುವುದು, ಬರ್ತಾನೆ ಬರ್ತಾನೆ ಎನ್ನುತ್ತ ಸಂಜೆ ಮಾಡುವುದು, ಆಮೇಲೆ ನಿಜ ಹೇಳುವುದು. ಆಮೇಲೆ ಏನು ಮಾಡಿಕೊಳ್ಳುತ್ತಾರೋ ಮಾಡಿಕೊಳ್ಳಲಿ.

ಸಕಲ ಸಂತರ ಹಬ್ಬ ಮಂಜಿಲ್ಲದೆ ಬಂತು. ವರ್ಷ ತುಂಬಿತ್ತು, ಮೇಲಿನ ಒಂದು ದಿನ ಉಳಿದಿತ್ತು. ಅಂದು ಸಂಜೆ ಸತ್ತವರು ತಮ್ಮ ತಮ್ಮ ಒಲೆಗೆ ಬಂದು ಚಳಿ ಕಾಯಿಸಿಕೊಳ್ಳುತ್ತಾರೆ. ಒಲೆಯಲ್ಲಿ ಬೆಂಕಿಯಿರಬೇಕು, ಬದಿಯಲ್ಲಿ ಸುಟ್ಟ ಚೆಸ್ಟ್‌ನಟ್ ಕಾಯಿಗಳಿರಬೇಕು. ತಣ್ಣಗಿನ ಒಲೆ ಕಂಡ ಸತ್ತವರು ಮತ್ತೆ ಆ ಮನೆಗೆ ಬರುವುದಿಲ್ಲ. ಆ ಒಂದು ಸಂಜೆ ಎಷ್ಟು ನೋವಾದರೂ ಸರಿ, ಸೆರ್ರಾಗೆ ಹತ್ತಿ ಬೆಂಕಿ ಹಚ್ಚಲೇಬೇಕೆಂದು ಸೌರೀನಾ ಕುಡಿಕೆಯಲ್ಲಿ ಕೆಂಡ, ಮಡಿಲಿನಲ್ಲಿ ಚೆಸ್ಟ್‌ನಟ್ ಕಟ್ಟಿಕೊಂಡು ಕೋಲೂರಿ ಹೊರಟಳು. ಮರಗಳ ಸಾಲು ದಾಟಿ ತಲೆ ಎತ್ತಿದಾಗ ಸೆರ್ರಾದ ಮಾಡಿನಿಂದ ಹೊಗೆ ಏಳುತ್ತಿತ್ತು.

ಒಂದು ಗಳಿಗೆ ಅವಳು ಫೆರ್ರೆರ್ ಬಂದಿದ್ದಾನೆ ಎಂದುಕೊಂಡಳು. ಹಾಗೆ ಅಂದುಕೊಂಡದ್ದಕ್ಕೆ ಹೆದರಿಕೆಯೂ ಆಗಲಿಲ್ಲ. ಚಳಿ ತಡೆಯದೆ ಬೇಗ ಬಂದು, ತಾನೇ ಹಚ್ಚಿಕೊಂಡಿದ್ದಾನೆ, ಎಂದುಕೊಂಡಳು.

ಬಾಗಿಲು ತೆರೆದಿತ್ತು. ಒಲೆಯ ಮುಂದೆ ದಾಲ್ಮೌ ಕೂತಿದ್ದ. ಅವನು ತಿರುಗಿ ನೋಡಿ ಎದ್ದು, ಗೋಡೆಗೆ ಒತ್ತಿ ನಿಂತ. ಅವನ ಕಣ್ಣಿಗೆ ಸತ್ತು ಬಂದವಳು ಅವಳು.

"ಅಮ್ಮಾ, ಚಳಿಯಾಗ್ತಿದ್ಯಾ?" ಎಂದ, ಸತ್ತವರನ್ನು ಮಾತಾಡಿಸುವ ಮೆಲುದನಿಯಲ್ಲಿ.

"ಯಾಕೋ ಬಂದೆ?"

ಆ ಗದರಿಕೆ ಕೇಳಿ ಅವನಿಗೆ ಅವಳು ಬದುಕಿದ್ದಾಳೆಂದು ಗೊತ್ತಾಯಿತು. ಕುಸಿದು ಕೂತು ಮುಖ ಮುಚ್ಚಿಕೊಂಡ. ಆಗ ಅವಳಿಗೆ ಅವನ ಕೈ ಕಂಡಿತು. ಮುಂಗೈಯವರೆಗೂ ನೀಲಿ. ಜಿರೋನಾದಲ್ಲಿ ಬಣ್ಣಗಾರನೊಬ್ಬನ ಹತ್ತಿರ ಕೆಲಸಕ್ಕಿದ್ದ. ಉಣ್ಣೆಯನ್ನು ನೀಲಿಯ ಹಂಡೆಯಲ್ಲಿ ಅದ್ದಿ ತೆಗೆಯುವ ಕೆಲಸ.

"ನೀನು ಯಾರನ್ನೂ ಕೇಳಬೇಡ ಅಂದಿದ್ದೆ. ಕೇಳಿಲ್ಲ," ಎಂದ. "ಜೋಫ್ರೆಗೆ ಒಂದೇ ಮಾತು ಹೇಳಿದ್ದೆ. ಕೆಳಗಿನ ಹೊಗೆ ಸುಳ್ಳು, ಅದನ್ನ ನೋಡಬೇಡ. ಮೇಲಿನ ಹೊಗೆ ಅಮ್ಮಂದು. ಅದು ಇದ್ಯೋ ಇಲ್ವೋ ಅಷ್ಟು ಹೇಳು ಅಂತ. ಇದೆ ಇದೆ ಅಂತಿದ್ದ. ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಇಲ್ಲ ಅಂದ. ಆಮೇಲೂ ಇಲ್ಲ ಅಂದ. ಫೊಂತ್‌ನಲ್ಲಿ ಬೇರೆ ಯಾರನ್ನೋ ಕೂರಿಸಿದಾರೆ ಅಂದ್ಕೊಂಡೆ."

ಸೌರೀನಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಹುಬ್ಬಿಗೆ ಕೈ ಅಡ್ಡ ಹಿಡಿದು ನಿಂತ ಮುದುಕ ಈಗ ಅವಳಿಗೆ ಅರ್ಥವಾದ.

"ಒಂದು ದಿನ ಕಾಯೋಕಾಗ್ಲಿಲ್ವೇನೋ? ಒಂದೇ ಒಂದು ದಿನ."

"ಸತ್ತವರು ಬರೋದು ಇವತ್ತಲ್ವಾ. ನೀನು ಬಂದು ತಣ್ಣಗಿನ ಒಲೆ ನೋಡ್ತೀಯ, ರೋಮಿಯಾನೂ ನಿನ್ನ ಜೊತೆ ಇರ್ತಾಳೆ ಅಂತ... ಹಚ್ಚಿಟ್ಟು ಬೆಳಕಾಗೋದ್ರೊಳಗೆ ಹೋಗ್ತೀನಿ ಅಂದ್ಕೊಂಡಿದ್ದೆ. ಒಂದು ಸಂಜೆ ಬಂದ್ಹೋದ್ರೆ ಯಾರು ನೋಡ್ತಾರೆ?"

"ಎದ್ದೇಳು. ಈಗ್ಲೇ ಹೊರಡು. ಹಿತ್ತಲಿಂದ ಇಳಿ."

ಅವನು ಏಳುವಷ್ಟರಲ್ಲಿ ಅಂಗಳದಲ್ಲಿ ಗೊರಸಿನ ಸದ್ದಾಯಿತು. ಬೊನನಾತ್ ಹಬ್ಬದ ದಿನ ಒಡೆಯನ ಪಾಲಿನ ಚೆಸ್ಟ್‌ನಟ್ ಎತ್ತಲು ಇಬ್ಬರು ಕಾವಲಿನವರೊಂದಿಗೆ ಕಣಿವೆ ಸುತ್ತುತ್ತಿದ್ದ. ಬಹಳ ದಿನದ ಮೇಲೆ ಏಣಿನಲ್ಲಿ ಹೊಗೆ ಕಂಡಿತ್ತು. ಕುಂಟಿಯಂತೂ ಹತ್ತಲಾರಳು, ಯಾರೋ ಅಲೆಮಾರಿ ಖಾಲಿ ಮನೆ ಹೊಕ್ಕಿರಬೇಕು, ಹಿಡಿದು ಕೂರಿಸಿದರೆ ಒಂದು ಮನೆ ತುಂಬುತ್ತದೆ, ಎಂದುಕೊಂಡೇ ಅವನು ಬಂದದ್ದು. ಬಾಗಿಲಲ್ಲಿ ಸೌರೀನಾಳನ್ನು ಕಂಡು ನಿಂತ. ಅವಳ ಹಿಂದೆ ದಾಲ್ಮೌನನ್ನು ಕಂಡ.

"ಅಬ್ಬಾ, ಯಜಮಾನರ ದರ್ಶನ ಆಯ್ತಪ್ಪಾ! ಕುರಿ ಹೊಟ್ಟೆ ತುಂಬ್ತಾ?"

"ಈಗ ತಾನೇ ಬಂದ, ಸ್ವಾಮಿ. ಮೇಲಿನ ಹುಲ್ಲುಗಾವಲಿಂದ," ಎಂದಳು ಸೌರೀನಾ. ದಾಲ್ಮೌ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತಿದ್ದ.

"ಕೈ ಯಾಕೋ ಹಿಂದಿಟ್ಟಿದೀಯ? ನಾಳೆ ಕೊಡೋ ಕೈ ಒಂದ್ಸಲ ನೋಡೋಣ, ತೋರ್ಸು."

ಅವನು ತೋರಿಸಲಿಲ್ಲ. ಕಾವಲಿನವನೊಬ್ಬ ಹಿಡಿದು ಮುಂದಕ್ಕೆ ಎಳೆದ. ಒಲೆಯ ಬೆಳಕಿನಲ್ಲಿ ಕೈಗಳು ಕಡುನೀಲಿಯಾಗಿದ್ದವು. ಬೊನನಾತ್ ಬಗ್ಗಿ ನೋಡಿ ಕೇಳಿದ:

"ಯಾವ ಕುರಿ ಸೌರೀನಾ ಇದು, ನೀಲಿ ಕುರಿ?"

ಅವಳು ಕೋಲು ಬಿಟ್ಟು ನೆಲದ ಮೇಲೆ ಕೂತಳು. ಮಂಡಿ ಮಡಿಸಲು ಬಾರದ್ದರಿಂದ ಒಂದು ಕಾಲು ಚಾಚಿಯೇ ಕೂರಬೇಕಾಯಿತು. "ಸ್ವಾಮಿ, ನಿಮಗೂ ಮಕ್ಕಳಿದ್ರು. ಒಂದು ದಿನ ಕಣ್ಣು ಮುಚ್ಕೊಳ್ಳಿ. ಇವನು ಇಲ್ಲಿ ಸಿಗಲೇ ಇಲ್ಲ ಅಂದ್ಕೊಳ್ಳಿ. ನಾಳೆ ನನ್ನ ಕೈ ತಗೊಳ್ಳಲಿ ಒಡೆಯ. ಎರಡೂ ಮನೆಗೆ ನಾನು ಕೈ ಕೊಡ್ತೀನಿ."

"ನಿನ್ನ ಕಾಲು ನೋಡ್ಕೋ ಮೊದ್ಲು." ಅವನ ದನಿಯಲ್ಲಿ ತಮಾಷೆ ಹೋಗಿತ್ತು. "ಇದ್ರು ಮಕ್ಕಳು. ಇದ್ದಿದ್ರೆ ನಾನೂ ಓಡಿಸ್ತಿದ್ದೆನೋ ಏನೋ. ಇವನನ್ನ ಬಿಟ್ರೆ ಬೆಳಗಾಗೋದ್ರೊಳಗೆ ಕಣಿವೆ ಪೂರ್ತಿ ಜಿರೋನಾ ದಾರಿ ಹಿಡಿಯತ್ತೆ. ಆಮೇಲೆ ಒಡೆಯನ ಹೊಲ ಉಳೋನು ಯಾರು, ನಾನಾ?" ಅವನು ದಾಲ್ಮೌ ಕಡೆ ತಿರುಗಿದ. "ನೋಡಪ್ಪ, ನಿನಗೆ ಕಾಲು ಚೆನ್ನಾಗಿವೆ. ಕತ್ತಲೇಲಿ ಓಡಿದ್ರೆ ಇವರಿಗೆ ಸಿಗಲಿಕ್ಕಿಲ್ಲ. ಓಡು ಬೇಕಾದ್ರೆ. ವರ್ಷವಿಡೀ ಸುಳ್ಳು ಹೊಗೆ ಎಬ್ಬಿಸಿದವಳು ಇಲ್ಲೇ ಇದಾಳೆ. ನಿನ್ನ ಬದಲು ಅವಳನ್ನ ಕೋಟೆಗೆ ಒಯ್ತೀನಿ. ಅಲ್ಲಿ ನೆಲದಡಿಯ ಸೆರೆಕೋಣೇಲಿ ಒಲೆ ಇಲ್ಲ."

"ಓಡು," ಎಂದಳು ಸೌರೀನಾ.

ದಾಲ್ಮೌ ಬಗ್ಗಿ ಅವಳ ಕೋಲನ್ನು ಎತ್ತಿ ಅವಳ ಕೈಗೆ ಕೊಟ್ಟು, ಪಕ್ಕದಲ್ಲಿ ನಿಂತ.

ಮಾರನೆಯ ದಿನ, ಸತ್ತವರ ದಿನ, ಕೋಟೆಯ ಅಂಗಳದಲ್ಲಿ ಬದುಕಿದ ಯಜಮಾನರು ಸಾಲಾಗಿ ನಿಂತರು. ಸಾಲು ಗಿಡ್ಡವಾಗಿತ್ತು. ಹೊಸ ಒಡೆಯ ಎಳೆಯ ಮುಖದವನು, ಯಾರಾದರೂ ಕೆಮ್ಮಿದರೆ ಹಿಂದೆ ಸರಿಯುತ್ತಿದ್ದ. ದಾಲ್ಮೌ ಮಂಡಿಯೂರಿ ಕೈ ಜೋಡಿಸಿ ಚಾಚಿದಾಗ ಒಡೆಯ ತನ್ನ ಕೈಗಳನ್ನು ಎದೆಗೆ ಎಳೆದುಕೊಂಡ.

"ಏನದು ಅವನ ಕೈಗೆ?"

ಅಂಗಳದಲ್ಲಿದ್ದವರೆಲ್ಲ ಕಪ್ಪು ಬೆರಳುಗಳನ್ನು ಕಂಡವರೇ. ಸಾಲು ಬಿಚ್ಚಿಕೊಂಡಿತು. ದಾಲ್ಮೌನ ಸುತ್ತ ನೆಲ ಖಾಲಿಯಾಯಿತು.

ಗೋಡೆಯ ಬಳಿ ಹೆಂಗಸರ ನಡುವೆ ನಿಂತಿದ್ದ ಸೌರೀನಾ ಕೋಲೂರಿ ಒಂದು ಹೆಜ್ಜೆ ಮುಂದೆ ಬಂದಳು. ಒಂದು ಮಾತು ಸಾಕಿತ್ತು. 'ಅದು' ಎಂದರೆ ಸಾಕು. ಒಡೆಯ ಒಳಗೆ ಓಡುತ್ತಾನೆ, ಕಾವಲಿನವರು ದೂರದಿಂದಲೇ ಕಲ್ಲೆಸೆದು ಹೊರಗಟ್ಟುತ್ತಾರೆ, ಅವನು ಜಿರೋನಾ ದಾರಿ ಹಿಡಿಯುತ್ತಾನೆ. ಸಂಜೆಗೆ ಇನ್ನೂ ಹೊತ್ತಿದೆ. ವರ್ಷವಿಡೀ ಅವಳು ಎಷ್ಟು ಸುಳ್ಳು ಹೇಳಿದ್ದಳು! ಒಂದಕ್ಕೂ ನಾಲಿಗೆ ತಡವರಿಸಿರಲಿಲ್ಲ. ಈಗ ಬಾಯಿ ತೆರೆದಳು. ಅವಳ ಎರಡು ಅಂಗೈಗಳ ನಡುವೆ ರೋಮಿಯಾಳ ಬೆರಳುಗಳು ಇದ್ದಂತೆ ಆಯಿತು. ಉಳಿದ ಒಂದೇ ಕುಡಿಯ ಮೇಲಿಟ್ಟು ಆ ಮಾತನ್ನು ಆಡಲು ನಾಲಿಗೆ ಏಳಲಿಲ್ಲ. ದಾಲ್ಮೌ ತಲೆ ತಿರುಗಿಸಿ ಅವಳ ಕಡೆಯೇ ನೋಡುತ್ತಿದ್ದ. ಅವನಿಗೂ ಹೊಳೆದಿತ್ತು.

"ಬಣ್ಣ, ಒಡೆಯಾ, ಬರೀ ಬಣ್ಣ," ಎನ್ನುತ್ತ ಬೊನನಾತ್ ಮುಂದೆ ಬಂದು, ಹೆಬ್ಬೆರಳಿಗೆ ಉಗುಳು ಹಚ್ಚಿ ದಾಲ್ಮೌನ ಮುಂಗೈ ಉಜ್ಜಿ, ನೀಲಿಯಾದ ತನ್ನ ಬೆರಳನ್ನು ಎತ್ತಿ ತೋರಿಸಿದ. ಯಾರೋ ನಕ್ಕರು. ಒಡೆಯ ಕೈಗವಸು ತರಿಸಿ ಹಾಕಿಕೊಂಡ. ಆಮೇಲೆ ಆ ಕೈಗಳನ್ನು ತನ್ನ ಕೈಗಳ ನಡುವೆ ತೆಗೆದುಕೊಂಡ.

ಕ್ರಿಸ್‌ಮಸ್ ಹೊತ್ತಿಗೆ ನೀಲಿ ಉಗುರಿನ ಬುಡದಲ್ಲಿ ಮಾತ್ರ ಉಳಿದಿತ್ತು. ದಾಲ್ಮೌ ಫೊಂತ್ ಮನೆಯಲ್ಲಿದ್ದ. ಮುಂದೆ ಇನ್ನೊಂದು ಖಾಲಿ ಮನೆಯ ಹೊಲವನ್ನೂ ಅವನಿಗೇ ಹಚ್ಚಿದರು. ಗಿರಣಿಯವನ ಮನೆಯಲ್ಲಿ ಉಳಿದಿದ್ದ ಹುಡುಗಿಯನ್ನು ಮದುವೆಯಾದ. ಸೌರೀನಾ ಅದೇ ಕಾಲಿನಲ್ಲಿ ಸೆರ್ರಾಗೆ ಹತ್ತಿ ಹೋದವಳು ಮತ್ತೆ ಕೆಳಗೆ ಬಂದು ಇರಲಿಲ್ಲ. ಬೇಸಿಗೆಯ ಉರಿಯಲ್ಲೂ ಏಣಿನ ಮೇಲೆ ಹೊಗೆ ಏಳುತ್ತಿತ್ತು. ಮುದುಕಿಗೆ ಚಳಿ ಹೆಚ್ಚು ಎಂದು ಜನ ಆಡಿಕೊಂಡರು.

ಕಟ್ಟಿಗೆ ತಂದು ಹಾಕಲು ದಾಲ್ಮೌ ಮೇಲೆ ಬರುತ್ತಿದ್ದ. ಎಷ್ಟೋ ವರ್ಷದ ಮೇಲೆ ಒಂದು ಸಲ, ಅವನು ಹೊರೆ ಇಳಿಸಿ ಬೆವರು ಒರೆಸಿಕೊಳ್ಳುವಾಗ, ಅವಳು ಒಲೆಯ ಕಡೆ ನೋಡುತ್ತಲೇ ಹೇಳಿದಳು:

"ಆವತ್ತು ಅಂಗಳದಲ್ಲಿ ನಾಲಿಗೆ ಏಳ್ಲಿಲ್ಲ ಕಣೋ."

"ಹೇಳಿದ್ರೆ ಕಲ್ಲು ಹೊಡೀತಿದ್ರಮ್ಮ."

"ಹೊಡೀತಿದ್ರು. ನೀನು ಓಡ್ತಿದ್ದೆ."

ದಾಲ್ಮೌ ಹಗ್ಗ ಸುತ್ತಿ ಹೆಗಲಿಗೆ ಹಾಕಿಕೊಂಡ. ಬಾಗಿಲವರೆಗೆ ಹೋಗಿ ನಿಂತ.

"ಓಡ್ತಿದ್ದೆ," ಎಂದ.

ಅವನ ಹೆಜ್ಜೆ ಮರಗಳ ಸಾಲಿನಲ್ಲಿ ಇಳಿದು ಹೋಗುವುದನ್ನು ಕೇಳಿಸಿಕೊಂಡು, ಸೌರೀನಾ ಕೊಳವೆ ತೆಗೆದುಕೊಂಡು ಬಗ್ಗಿ ಊದಿದಳು.